ಅಪ್‌ಡೇಟ್: ‘ಎಸ್ ಎನ್’ ಇಟ್ಟಂಗಿಯ ಬಟ್ಟಿ ಸಿಕ್ಕಿತು, ಹೆಚ್ಚೂಕಡಿಮೆ

ಹೋದ ತಿಂಗಳು ಕೇಳಿದ್ದೆನಲ್ಲ, ಧಾರವಾಡದಲ್ಲಿ ಸೋದರಮಾವನ ಹಳೇ ಮನೆ ಕೆಡವಿದಾಗ ಸಿಕ್ಕ ‘ಎಸ್ ಎನ್’ ಛಾಪಿನ ಇಟ್ಟಂಗಿ ಯಾರದು ಅಂತ. ‘ಎನ್’ ತಿರುವುಮುರುವಾಗಿತ್ತು. ಅದೇನೋ ಗುಪ್ತ ಗುರುತು ಅಂದುಕೊಂಡು ನಾನು ದೊಡ್ಡ ಕಥೆ ಕಟ್ಟಿದ್ದೆ!

ಬಟ್ಟಿಯಲ್ಲಿ ದುಡಿದ ಅಜ್ಜಾರೊಬ್ಬರು ನೋಡಿದ ಕೂಡಲೇ ನಕ್ಕರು. "ತಮ್ಮಾ, ಅಚ್ಚಿನ್ಯಾಗ ಅಕ್ಷರ ಉಲ್ಟಾ ಕೆತ್ತಬೇಕು. ಆ ಬಡಿಗ್ಯಾ ‘ಎನ್’ ಒಂದನ್ನ ಸೀದಾ ಕೆತ್ಯಾನ, ಅಷ್ಟ." ಬಟ್ಟಿ ಊರ ಹೊರಗಿನ ಕೆರೆಯ ಬದಿಗೆ ಇತ್ತಂತೆ. ಈಗ ಅಲ್ಲಿ ಬರೀ ಪ್ಲಾಟುಗಳು. ಅಕ್ಷರ ಮಾಲೀಕರ ಹೆಸರಿನವೇ, ಆದರೆ ಮನೆತನದವರು ಹೆಸರು ಹಾಕಬೇಡಿ ಅಂದಿದ್ದಾರೆ.

ಅದೇ ಮನೆಯ ಹಂಚಿನ ಬಗ್ಗೆ ನಾನೇ ಎಡವಿದ್ದೆ. ‘ಬಾಸೆಲ್ ಮಿಷನ್, 1865’ (ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಷನ್) ಅಂತ ಅದರ ಮೇಲೆ ಇದ್ದದ್ದಕ್ಕೆ ಮನೆಯೇ ಅಷ್ಟು ಹಳೇದು ಅಂದುಬಿಟ್ಟೆ. 1865 ಅನ್ನೋದು ಮಂಗಳೂರಿನ ಜೆಪ್ಪುವಿನಲ್ಲಿ ಆ ಹಂಚಿನ ಕಾರ್ಖಾನೆ ಶುರುವಾದ ವರ್ಷ. ಮುಂದೆ ಮಾಡಿದ ಹಂಚಿನ ಮೇಲೂ ಅದೇ ಇರುತ್ತದೆ. ಮೊದಲ ಮಹಾಯುದ್ಧದ ನಂತರ ಕಾರ್ಖಾನೆ ಕಾಮನ್‌ವೆಲ್ತ್ ಟ್ರಸ್ಟ್ ಅನ್ನೋ ಬ್ರಿಟಿಷ್ ಕಂಪನಿಯ ಕೈಗೆ ಹೋಯಿತು. ಹಾಗಾಗಿ ಕಾಲ ಅಂದಾಜಿಸಲು ಇಸವಿಗಿಂತ ಹಂಚಿನ ಮೇಲೆ ಯಾರ ಹೆಸರಿದೆ ಅಂತ ನೋಡೋದೇ ವಾಸಿ.

ಇಟ್ಟಂಗಿಗೆ ಅಂಟಿದ ಗಾರೆಯನ್ನು ಆ್ಯಸಿಡ್ ಹಾಕಿ ತೊಳೆಯಿರಿ ಅಂದವರಿಗೆ: ಹಾಕಲಿಲ್ಲ. ಒಂದು ರಾತ್ರಿ ನೀರಲ್ಲಿ ನೆನೆಸಿ, ತೆಂಗಿನ ನಾರಿನಿಂದ ತಿಕ್ಕಿದೆ. ಗಾರೆ ಚಕ್ಕೆಚಕ್ಕೆಯಾಗಿ ಬಿಟ್ಟಿತು.

ಮಂಚದ ಕೆಳಗೆ ನಾನು ಕೂಡಿಟ್ಟ ಛಾಪಿನ ಇಟ್ಟಂಗಿ ಈಗ ಹದಿನೇಳು ಇವೆ. ಮನೆಯವಳು ಇನ್ನೂ ಎಣಿಸಿಲ್ಲ. ಗದಗ ಕಡೆ ಛಾಪಿನವು ಕಂಡರೆ ಫೋಟೋ ಹಾಕಿ, ಪ್ಲೀಸ್.