ಚಳಿಗೆ ಸ್ಟಾರ್ಟ್ ಆಗದ ಪದ್ಮಿನಿ: ಕಾರ್ಬೊರೇಟರ್ ಜೊತೆ ಗುದ್ದಾಡಿದವರು ಸ್ವಲ್ಪ ಹೇಳಿ

ಮೂಡಿಗೆರೆ 84
ಅಪ್ಪನ 1984ರ ಪ್ರೀಮಿಯರ್ ಪದ್ಮಿನಿ ಈಗ ನನ್ನ ಪಾಲಿಗೆ ಬಂದಿದೆ. ಮಧ್ಯಾಹ್ನ ಒಂದೇ ಸಲ ಸೆಲ್ಫ್ ಹೊಡೆದರೆ ಸ್ಟಾರ್ಟ್. ಈ ಡಿಸೆಂಬರ್ ಚಳಿಯಲ್ಲಿ ಬೆಳಿಗ್ಗೆ ಆರೂವರೆಗೆ ಮಾತ್ರ ಹತ್ತು ಹನ್ನೆರಡು ಸಲ ಸೆಲ್ಫ್ ಹೊಡೆಯಬೇಕು. ಚೋಕ್ ಪೂರ್ತಿ ಎಳೆದಿರುತ್ತೇನೆ, ಆಕ್ಸಿಲರೇಟರ್ ಕೂಡ ತುಳಿಯುತ್ತೇನೆ. ಹತ್ತಿಕೊಂಡರೂ ಅರ್ಧ ನಿಮಿಷಕ್ಕೆ ಆರಿ ಹೋಗುತ್ತದೆ. ಪ್ಲಗ್, ಪಾಯಿಂಟ್ ಹೊಸದು. ಬ್ಯಾಟರಿ ಆರು ತಿಂಗಳದ್ದು. ಮೆಕ್ಯಾನಿಕ್ ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೊರೇಟರನ್ನೇ ಬದಲಿಸೋಣ ಅನ್ನುತ್ತಿದ್ದಾರೆ. ಬದಲಿಸಬೇಕಾ?

ಜೆಸಿ ರೋಡ್ ಗಿರಾಕಿ
ಬದಲಿಸಬೇಡಿ ಸರ್. ನನ್ನ ಕಥೆ ಕೇಳಿ. ನನಗೂ ಹೀಗೇ ಹೇಳಿದರು. ಬೆಂಗಳೂರಿನ ಜೆಸಿ ರೋಡಿನ ಬಿಡಿಭಾಗದ ಅಂಗಡಿಯಲ್ಲಿ "ಒರಿಜಿನಲ್ ಸೋಲೆಕ್ಸ್" ಕಾರ್ಬೊರೇಟರ್ ಅಂತ 6,500 ಕೊಟ್ಟು ತಂದೆ. ಮನೆಗೆ ಬಂದು ಪೇಪರ್ ಬಿಚ್ಚಿದರೆ ಅಕ್ಷರ ಸರಿಯಾಗಿ ಅಚ್ಚೇ ಆಗಿಲ್ಲ. ಹಾಕಿದೆವು. ಮೊದಲ ದಿನವೇ ಪೆಟ್ರೋಲ್ ಉಕ್ಕಿ ಮ್ಯಾನಿಫೋಲ್ಡ್ ಮೇಲೆ ಸುರಿಯಿತು, ಪೆಟ್ರೋಲ್ ತಡೆಯುವ ನೀಡಲ್ ವಾಲ್ವ್ ಸರಿಯಾಗಿ ಕೂರುತ್ತಿರಲಿಲ್ಲ. ವಾಪಸ್ ಕೊಡಲು ಹೋದರೆ "ಫಿಟ್ ಮಾಡಿದ ಮಾಲು ತಗೊಳಲ್ಲ" ಅಂದರು. ಬಸ್ ಚಾರ್ಜು, ಊಟ, ಎರಡು ದಿನ ರಜೆ ಬೇರೆ.

ಆಮೇಲೆ ಹಳೆಯದನ್ನೇ ಬಿಚ್ಚಿದೆ. ಮೇಲಿನ ಮುಚ್ಚಳ ಸೊಟ್ಟಗಾಗಿತ್ತು. ಯಾರೋ ಸ್ಕ್ರೂಗಳನ್ನು ಜೀವ ಹೋಗುವಂತೆ ಬಿಗಿದಿದ್ದರು. ಗಾಜಿನ ಮೇಲೆ ಎಮರಿ ಪೇಪರ್ ಇಟ್ಟು, ಸೀಮೆಎಣ್ಣೆ ಹಚ್ಚಿ, ಮುಚ್ಚಳವನ್ನು ಸಮ ಮಾಡಲು 8ರ ಆಕಾರದಲ್ಲಿ ತಿಕ್ಕಿದೆ. ಪೂರ್ತಿ ಒಂದೂವರೆ ಗಂಟೆ. ನಡುವೆ ಕಪ್ಪಗೆ ಉಳಿದಿದ್ದ ಜಾಗ ನಿಧಾನಕ್ಕೆ ಬೆಳ್ಳಗಾಯಿತು. ಹೊಸ ಗ್ಯಾಸ್ಕೆಟ್ 40 ರೂಪಾಯಿ. ಅಷ್ಟೇ! ಆ 6,500ರ ಮಾಲು ಈಗಲೂ ಅಟ್ಟದ ಮೇಲಿದೆ. ಹೆಂಡತಿ ಪ್ರತಿ ದೀಪಾವಳಿಗೆ ಅದನ್ನು ಒರೆಸಿ ನನಗೆ ತೋರಿಸಿ ಇಡುತ್ತಾಳೆ.

ಕುಡ್ಲದ ಪದ್ಮಿನಿ
ಕಾರ್ಬೊರೇಟರ್ ಮುಟ್ಟಲೇಬೇಡಿ ಮಾರಾಯ್ರೇ. ನಮ್ಮಲ್ಲಿ ಚಳಿ ಎಲ್ಲಿಂದ ಬರಬೇಕು, ಆದರೂ ನನ್ನ ಗಾಡಿ ಎರಡು ಮಳೆಗಾಲ ಬೆಳಿಗ್ಗೆ ಸ್ಟಾರ್ಟ್ ಆಗಲಿಲ್ಲ. ಪೆಟ್ರೋಲ್ ಹಾಯುವ ಸಣ್ಣ ತೂತಿನ ಜೆಟ್ ತೊಳೆಸಿದೆ, ಪಂಪಿನ ಡಯಾಫ್ರಾಮ್ ಹಾಕಿಸಿದೆ, ಕಾಯಿಲ್ ಬದಲಿಸಿದೆ. ಒಟ್ಟು 9,300. ಒಂದು ರಾತ್ರಿ ಶೆಡ್ಡಿನ ಲೈಟು ಆರಿಸಿ, ಬಾನೆಟ್ ಎತ್ತಿ, ಮಗನಿಗೆ ಸೆಲ್ಫ್ ಹೊಡೆಯಲು ಹೇಳಿದೆ. ಪ್ಲಗ್ಗುಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರಿನ ಕ್ಯಾಪಿನ ಮೇಲೆ ನೀಲಿ ಮಿಂಚು ಹರಿದಾಡಿತು. ಕೂದಲೆಳೆಯಂಥ ಬಿರುಕು, ಅದರೊಳಗೆ ತೇವ. ಕ್ಯಾಪ್ 350 ರೂಪಾಯಿ ಮಾತ್ರ. ಮೂಡಿಗೆರೆಯ ಇಬ್ಬನಿ ಇದಕ್ಕಿಂತ ಕಮ್ಮಿಯಾ?

ಹಾಸನದ ಅಂಬಿ
ಅದಕ್ಕೇ ಹೇಳೋದು, ಅಂಬಾಸಿಡರ್ ತಗೊಳ್ಳಿ ಅಂತ. ನಮ್ಮದು 1489 ಸಿಸಿ. ಎಸ್‌ಯು ಕಾರ್ಬೊರೇಟರ್. ಚೋಕ್ ಎಳೆದರೆ ಜೆಟ್ ಕೆಳಗಿಳಿಯುತ್ತದೆ, ಪೆಟ್ರೋಲ್ ಜಾಸ್ತಿ ಹೋಗುತ್ತದೆ, ಮುಗಿಯಿತು. ಕಾರ್ಬೊರೇಟರಿನ ಮೇಲಿರುವ ಡ್ಯಾಶ್‌ಪಾಟಿಗೆ ಆಗಾಗ ಎಣ್ಣೆ ಬಿಟ್ಟರೆ ಸಾಕು. ಬ್ಯಾಟರಿ ಸತ್ತರೂ ಕೈಯಲ್ಲಿ ತಿರುಗಿಸಿ ಸ್ಟಾರ್ಟ್ ಮಾಡುವ ಹ್ಯಾಂಡಲ್ ಇದೆ. ಹೆಬ್ಬೆರಳನ್ನು ಮಾತ್ರ ಉಳಿದ ಬೆರಳುಗಳ ಕಡೆಗೇ ಇಟ್ಟುಕೊಳ್ಳಿ. ನಮ್ಮ ದೊಡ್ಡಪ್ಪ ಸುತ್ತಿ ಹಿಡಿದು, ಹ್ಯಾಂಡಲ್ ಹಿಂದಕ್ಕೆ ಒದ್ದು, ಮಣಿಕಟ್ಟು ಮುರಿದುಕೊಂಡು ಆರು ವಾರ ಪಟ್ಟಿ ಹಾಕಿಸಿಕೊಂಡಿದ್ದರು.

ಜೆಸಿ ರೋಡ್ ಗಿರಾಕಿ
ಅವರು ಕೇಳಿದ್ದು ಪದ್ಮಿನಿ ಬಗ್ಗೆ. ನಿಮ್ಮ ದೊಡ್ಡಪ್ಪನ ಮಣಿಕಟ್ಟಿನ ಬಗ್ಗೆ ಅಲ್ಲ.

ಹಾಸನದ ಅಂಬಿ
ನಿಮ್ಮ ಅಟ್ಟದ ಬಗ್ಗೆಯೂ ಅವರು ಕೇಳಿರಲಿಲ್ಲ.

ವ್ಯಾನ್ ರಾಜ
ಸುಮ್ನೆ ಯಾಕೆ ಕಷ್ಟ? ನಾನು ಅಡಾಪ್ಟರ್ ಪ್ಲೇಟ್ ಮಾಡಿಸಿ ಮಾರುತಿ ವ್ಯಾನಿನ ಕಾರ್ಬೊರೇಟರ್ ಕೂರಿಸಿದ್ದೇನೆ. ಲೇತ್ ಕೆಲಸಕ್ಕೆ 1,800, ಹಳೇ ಕಾರ್ಬೊರೇಟರಿಗೆ 2,200. ಜೆಟ್ ಹೊಂದಿಸಲು ಮಾತ್ರ ಮೂರು ತಿಂಗಳು ಹಿಡಿಯಿತು. ಮೊದಲು ಏರಿನಲ್ಲಿ ಉಸಿರೇ ಇರಲಿಲ್ಲ, ಆಮೇಲೆ ಕಪ್ಪು ಹೊಗೆ. ನಾಲ್ಕನೇ ಜೆಟ್ಟಿಗೆ ಸರಿಹೋಯಿತು. ಈಗ ಚಳಿ, ಮಳೆ ಯಾವುದೂ ಗೊತ್ತಾಗಲ್ಲ.

ನಿವೃತ್ತ ಮೇಷ್ಟ್ರು
ಪದ್ಮಿನಿಗೆ ವ್ಯಾನಿನ ಕಾರ್ಬೊರೇಟರ್! 1089 ಸಿಸಿ ಎಂಜಿನ್ನಿಗೆ 796 ಸಿಸಿಯದ್ದು. ಅಳಿಯನ ಅಂಗಿ ಮಾವನಿಗೆ ಹಾಕಿದ ಹಾಗೆ.

ನಾನು 31 ವರ್ಷದಿಂದ ಒಂದೇ ಪದ್ಮಿನಿ ಇಟ್ಟುಕೊಂಡಿದ್ದೇನೆ. ಮೆಕ್ಯಾನಿಕ್ ಕೈಗೆ ಕೊಟ್ಟಿದ್ದು ಮೂರೇ ಸಲ, ಮೂರೂ ಸಲ ಪಶ್ಚಾತ್ತಾಪ ಪಟ್ಟೆ. ಒಬ್ಬ ಮಹಾನುಭಾವ ಜೆಟ್ಟಿಗೆ ತಂತಿ ಚುಚ್ಚಿ ತೂತು ದೊಡ್ಡದು ಮಾಡಿ ಕಳಿಸಿದ. ಆ ವರ್ಷ ಲೀಟರಿಗೆ ಏಳೇ ಕಿಲೋಮೀಟರು. ಜೆಟ್ಟಿಗೆ ಗಾಳಿ ಹೊಡೆಯಬೇಕು, ತಂತಿ ಹಾಕಬಾರದು.

ನನ್ನ ಸೋಲೆಕ್ಸಿನಲ್ಲಿ ಗಾಳಿಯನ್ನು ಮುಚ್ಚುವ ಚಿಟ್ಟೆಯಂಥ ಬಾಗಿಲು ಇಲ್ಲ. ಪಕ್ಕದಲ್ಲೊಂದು ಪುಟ್ಟ ಸ್ಟಾರ್ಟರ್ ಇದೆ. ಚೋಕ್ ಎಳೆದರೆ ಅದರೊಳಗಿನ ಬಿಲ್ಲೆ ತಿರುಗಿ ಬೇರೆ ದಾರಿ ತೆರೆಯುತ್ತದೆ. ಎಂಜಿನ್ ಆ ದಾರಿಯಿಂದ ಪೆಟ್ರೋಲ್ ಹೀರಬೇಕಾದರೆ ಆಕ್ಸಿಲರೇಟರ್ ತುಳಿದಾಗ ತೆರೆಯುವ ಥ್ರಾಟಲ್ ಮುಚ್ಚಿರಬೇಕು. ಕಾಲಿಟ್ಟಿರೋ, ಹೀರುವ ಶಕ್ತಿ ಹೋಯಿತು. ನನ್ನ ಮಗ ಬೆಂಗಳೂರಿನಿಂದ ಬಂದಾಗಲೆಲ್ಲ ಬೈಕಿಗೆ ರೇಸ್ ಕೊಟ್ಟ ಹಾಗೆ ತುಳಿಯುತ್ತಾನೆ, ಸ್ಟಾರ್ಟ್ ಆಗುವುದಿಲ್ಲ, ಗಾಡಿಯನ್ನು ಬೈಯುತ್ತಾನೆ. ನಾನು ಕಾಲು ದೂರ ಇಟ್ಟು ಕೀ ತಿರುಗಿಸುತ್ತೇನೆ. ಎರಡನೆಯ ಸಲಕ್ಕೆ ಹತ್ತುತ್ತದೆ. ಹತ್ತಿದ ಮೇಲೆ ಚೋಕನ್ನು ಅರ್ಧಕ್ಕೆ ತರಬೇಕು, ಪಟ್ಟನೆ ಪೂರ್ತಿ ಒಳಗೆ ತಳ್ಳಿದರೆ ಆರುತ್ತದೆ.

ವ್ಯಾನ್ ರಾಜ
ಮೇಷ್ಟ್ರೇ, ಅಳಿಯನ ಅಂಗಿ ಹಾಕಿಕೊಂಡೇ ಹೋದ ತಿಂಗಳು ಚಾರ್ಮಾಡಿ ಘಾಟಿ ಹತ್ತಿ ಬಂದಿದ್ದೇನೆ. ಎಸಿ ಕೂಡ ಹಾಕಿಸಿದ್ದೇನೆ.

ನಿವೃತ್ತ ಮೇಷ್ಟ್ರು
ಹಾಗಾದರೆ ಅದನ್ನು ಪದ್ಮಿನಿ ಅಂತ ಕರೆಯಬೇಡಿ.

ಶೆಡ್ ನಂ. 3
ಯಾರೂ ಪೆಟ್ರೋಲ್ ಬಗ್ಗೆ ಮಾತಾಡ್ತಿಲ್ಲ ಅಲ್ವಾ? ಈಗ ಬಂಕಿನಲ್ಲಿ ಸಿಗುವುದು 20% ಎಥನಾಲ್ ಬೆರೆಸಿದ್ದು. ಎಥನಾಲ್ ಚಳಿಯಲ್ಲಿ ಸುಲಭಕ್ಕೆ ಆವಿಯಾಗುವುದಿಲ್ಲ. ತೇವ ಹೀರುತ್ತದೆ. ಹಳೇ ರಬ್ಬರನ್ನು ಹಾಳು ಮಾಡುತ್ತದೆ. ನನ್ನ ಗಾಡಿ ಎರಡು ತಿಂಗಳು ನಿಂತಿತ್ತು. ಕಾರ್ಬೊರೇಟರಿನ ಪೆಟ್ರೋಲ್ ತೊಟ್ಟಿ ತೆರೆದರೆ ತಳದಲ್ಲಿ ಬಿಳಿ ಪುಡಿ, ಪೈಪಿನೊಳಗೆ ಅಂಟು. ಪಂಪ್ ಕಿಟ್ 450, ಎಥನಾಲ್ ತಡೆಯುವ ಪೈಪ್ ಮೀಟರಿಗೆ 380, ಟ್ಯಾಂಕ್ ತೊಳೆಸಲು 1,500. ಟ್ಯಾಂಕ್ ಇಳಿಸುವಾಗ ಬೋಲ್ಟ್ ಮುರಿದು ಇನ್ನೂ 600. ಇಷ್ಟಕ್ಕೂ ಆ ಗಾಡಿಯ ರಿಜಿಸ್ಟ್ರೇಷನ್ ಮುಂದುವರಿಸಲು 10,000 ಕಟ್ಟಿದ್ದೇನೆ. 20 ವರ್ಷ ದಾಟಿದ ಕಾರಿಗೆ ಈಗ ಅಷ್ಟು.

ಕುಡ್ಲದ ಪದ್ಮಿನಿ
ಎಲ್ಲದಕ್ಕೂ ಎಥನಾಲೇ ಕಾರಣವಾ? ನಂದು ಅದೇ ಪೆಟ್ರೋಲಲ್ಲೇ ಓಡ್ತಾ ಇದೆ. ಕ್ಯಾಪ್ ನೋಡಿ ಅಂತ ಮೊದಲೇ ಹೇಳಿದೆ.

ಶೆಡ್ ನಂ. 3
ನೀವು ದಿನಾ ಓಡಿಸುತ್ತೀರಿ. ನಿಂತ ಗಾಡಿಯ ಕಥೆ ಬೇರೆ. ರಾತ್ರಿ ತೊಟ್ಟಿಯ ಪೆಟ್ರೋಲ್ ಆರಿದರೆ, ಪಂಪು ಅದನ್ನು ಮತ್ತೆ ತುಂಬುವವರೆಗೆ ಬರೀ ಸೆಲ್ಫ್ ತಿರುಗುತ್ತದೆ. ಪಂಪಿಗೆ ಕೈಲಿವರ್ ಇದ್ದರೆ ಮೊದಲು ಹತ್ತು ಸಲ ಒತ್ತಿ. ಕಾರ್ಬೊರೇಟರ್ ಬಾಯಿಗೆ ನೇರವಾಗಿ ಪೆಟ್ರೋಲ್ ಸುರಿಯುವವರ ಮಾತು ಮಾತ್ರ ಕೇಳಬೇಡಿ. ಬ್ಯಾಕ್‌ಫೈರ್ ಆಗಿ ನಮ್ಮ ಹುಡುಗನ ಹುಬ್ಬು ಸುಟ್ಟಿತ್ತು.

ಹಾಸನದ ಅಂಬಿ
ಅಂಬಿಗೆ ಈ ರಗಳೆ ಯಾವುದೂ ಇಲ್ಲ.

ಜೆಸಿ ರೋಡ್ ಗಿರಾಕಿ
ನಿಮ್ಮ ಅಂಬಿ ನಿಂತ ಕಡೆ ನೆಲಕ್ಕೆ ಅರ್ಧ ಲೀಟರ್ ಎಣ್ಣೆ ಬಿಡುತ್ತದೆ. ಅದನ್ನೂ ಬರೆಯಿರಿ.

ಹಾಸನದ ಅಂಬಿ
ಸೋರುತ್ತಿದ್ದರೆ ಒಳಗೆ ಎಣ್ಣೆ ಇದೆ ಅಂತ ಅರ್ಥ.

ಮೂಡಿಗೆರೆ 84
ಎಲ್ಲರಿಗೂ ವಂದನೆ. ಇವತ್ತು ಏರ್ ಫಿಲ್ಟರ್ ಬಿಚ್ಚಿ, ಮಗಳಿಗೆ ಚೋಕ್ ಎಳೆಯಲು ಹೇಳಿ, ಪಕ್ಕದಲ್ಲಿ ನಿಂತು ನೋಡಿದೆ. ನಾಬ್ ಪೂರ್ತಿ ಹೊರಗೆ ಬಂದರೂ ಕಾರ್ಬೊರೇಟರಿನ ಲಿವರ್ ಅರ್ಧಕ್ಕೇ ನಿಂತಿತು. ಕೇಬಲ್ ಹಿಡಿಯುವ ಸ್ಕ್ರೂ ಸಡಿಲ, ಒಳಗಿನ ತಂತಿ ಜಾರಿತ್ತು. ಎಳೆದು ಬಿಗಿದೆ. ಮೇಷ್ಟ್ರು ಹೇಳಿದ ಹಾಗೆ ಕಾಲು ಇಡದೆ ಸೆಲ್ಫ್ ಹೊಡೆದೆ. ಮೂರನೆಯ ಸಲಕ್ಕೆ ಹತ್ತಿತು. ಆದರೆ ಸ್ಲೋನಲ್ಲಿ, ಅಂದರೆ ಆಕ್ಸಿಲರೇಟರ್ ತುಳಿಯದಾಗ, ಎಂಜಿನ್ ಇನ್ನೂ ಸ್ಥಿರವಾಗಿ ಓಡುತ್ತಿಲ್ಲ, ನಾಲ್ಕು ನಿಮಿಷ ಅರ್ಧ ಚೋಕಿನಲ್ಲೇ ಇಡಬೇಕು. ಥ್ರಾಟಲ್ ಶಾಫ್ಟ್ ಹಿಡಿದು ಅಲ್ಲಾಡಿಸಿದರೆ ಲಟಲಟ ಅನ್ನುತ್ತದೆ.

ನಿವೃತ್ತ ಮೇಷ್ಟ್ರು
ಶಾಫ್ಟ್ ಸವೆದಿದೆ. ಅಲ್ಲಿಂದ ಗಾಳಿ ಒಳಗೆ ಹೋಗುತ್ತದೆ. ಲೇತಿನಲ್ಲಿ ಬುಷ್ ಹಾಕಿಸಿ.

ವ್ಯಾನ್ ರಾಜ
ಅಡಾಪ್ಟರ್ ಪ್ಲೇಟ್ ಅಳತೆ ಬೇಕಾದರೆ ಕೇಳಿ.

ನಿವೃತ್ತ ಮೇಷ್ಟ್ರು
ಕೇಳಬೇಡಿ.

ಜೆಸಿ ರೋಡ್ ಗಿರಾಕಿ
ನನ್ನ ಅಟ್ಟದಲ್ಲಿರುವುದರ ಶಾಫ್ಟ್ ಹೊಸದು ಸರ್, ಒಂದೇ ದಿನ ಓಡಿದೆ. ನೀಡಲ್ ವಾಲ್ವ್ ಒಂದು ಬದಲಿಸಿಕೊಂಡರೆ ಸಾಕು. 3,000ಕ್ಕೆ ಕೊಡುತ್ತೇನೆ.

ಕುಡ್ಲದ ಪದ್ಮಿನಿ
ಬದಲಿಸಬೇಡಿ ಅಂತ ಮೊದಲು ಬರೆದಿದ್ದು ನೀವೇ ಅಲ್ವಾ ಮಾರಾಯ್ರೇ?