ತೊಗರಿಯ ಕಾಯಿಕೊರಕ: ಬೇವಿಗೂ ಜಗ್ಗದ ಹುಳು

ಪ್ರಶ್ನೆ (ರೈತ, ಆಳಂದ ತಾಲ್ಲೂಕು): ನಮಸ್ಕಾರ ಮೇಡಂ. ಮೂರು ಎಕರೆ ಸಾವಯವ ತೊಗರಿ, ಈಗ ಕಾಯಿ ಕಟ್ಟುತ್ತಿದೆ. ಬೇವಿನ ಎಣ್ಣೆ ಎರಡು ಸಲ ಸಿಂಪಡಿಸಿದೆ. ಆದರೂ ಹುಳು ಅರ್ಧ ಮೈಯನ್ನು ಕಾಯಿಯೊಳಗೆ ತೂರಿಸಿ ಆರಾಮವಾಗಿ ತಿನ್ನುತ್ತಿದೆ. ಕೆಲವು ಹಸಿರು, ಕೆಲವು ಕಂದು. ಎರಡು ಜಾತಿಯೇ?

ಉತ್ತರ (ಕೀಟಶಾಸ್ತ್ರಜ್ಞೆ): ಒಂದೇ ಜಾತಿ, ಹೆಲಿಕೋವರ್ಪ. ಬಣ್ಣ ಬಿಡಿ, ಉದ್ದ ನೋಡಿ; ಸಣ್ಣ ಹುಳುವಿಗೆ ಒಂದು ಉಪಾಯ, ಬೆಳೆದದ್ದಕ್ಕೆ ಇನ್ನೊಂದು. ಬೇವು ಹುಳುವನ್ನು ಕೆಡವುವ ಮದ್ದಲ್ಲ. ಪತಂಗ ಮೊಟ್ಟೆ ಇಡದಂತೆ ತಡೆಯುತ್ತದೆ, ಮರಿಹುಳುವಿನ ಹಸಿವು ಕೆಡಿಸುತ್ತದೆ. ಅದನ್ನು ಮೊಗ್ಗಿನ ಹೊತ್ತಿಗೇ ಹೊಡೆಯಬೇಕಿತ್ತು. ಬೆಳೆದ ಹುಳುವಿಗೆ ನಿಮ್ಮ ಕಡೆಯ ಹಿರಿಯರ ಉಪಾಯವೇ ಸರಿ: ಗಿಡದ ಕೆಳಗೆ ಹಳೆಯ ಸೀರೆ ಹಾಸಿ, ಗಿಡವನ್ನು ಬಾಗಿಸಿ ಅಲುಗಿಸಿ. ಪಟಪಟನೆ ಉದುರುತ್ತವೆ. ಆರಿಸಿ ಕೋಳಿಗೆ ಹಾಕಿ.

ಉಳಿದ ಸಣ್ಣ ಹುಳುಗಳಿಗೆ ಎನ್‌ಪಿವಿ ನಂಜಾಣು ದ್ರಾವಣ, ಎಕರೆಗೆ 100 ಎಲ್‌ಇ (ಅಂದರೆ ರೋಗ ತಗುಲಿದ ನೂರು ಹುಳುಗಳಿಂದ ಸಿಗುವಷ್ಟು ನಂಜಾಣು), ಸ್ವಲ್ಪ ಬೆಲ್ಲ ಬೆರೆಸಿ. ಬಿಸಿಲಿಗೆ ನಂಜಾಣು ಸಾಯುತ್ತದೆ, ಆದ್ದರಿಂದ ಸಂಜೆಯೇ ಸಿಂಪಡಿಸಿ. ಕೆಲವು ದಿನಗಳಲ್ಲಿ ಹುಳು ಗಿಡದ ತುದಿಗೆ ಹತ್ತಿ, ತಲೆಕೆಳಗಾಗಿ ನೇತಾಡಿ, ಕಪ್ಪಾಗಿ ಒಡೆಯುತ್ತದೆ. ಅದನ್ನು ಕಿತ್ತೆಸೆಯಬೇಡಿ, ಸೋರಿದ ರಸದಿಂದಲೇ ಪಕ್ಕದ ಹುಳುವಿಗೂ ರೋಗ ಹರಡುತ್ತದೆ. ಸಾವಯವ ಪ್ರಮಾಣಪತ್ರ ಇದ್ದರೆ ಬಳಸುವ ಮೊದಲು ಆ ಸಂಸ್ಥೆಗೆ ತಿಳಿಸಿ.

ರೈತ: ಮೂರು ಎಕರೆ ಅಲುಗಿಸಲು ಆಳು ಎಲ್ಲಿ ಸಿಗುತ್ತಾರೆ ಮೇಡಂ?

ಉತ್ತರ: ಎಲ್ಲ ಗಿಡವನ್ನೂ ಅಲುಗಿಸಬೇಕಿಲ್ಲ. ಸಾಲಿನುದ್ದ ನಡೆದು ನೋಡಿ, ಹುಳು ದಟ್ಟವಾಗಿರುವ ಕಡೆ ಮೊದಲು ಹಿಡಿಯಿರಿ. ಮನೆಯವರು ನಾಲ್ಕು ಜನ ನಿಂತರೆ ಕೆಲಸ ಸಾಗುತ್ತದೆ. ಮುಂದಿನ ವರ್ಷ ಅಂಗಡಿಯ ಎಣ್ಣೆಗೆ ದುಡ್ಡು ಸುರಿಯಬೇಡಿ. ಬೇಸಿಗೆಯ ಕೊನೆಗೆ ಉದುರುವ ಬೇವಿನ ಬೀಜ ಆರಿಸಿ ನೆರಳಲ್ಲಿ ಒಣಗಿಸಿಡಿ. ತಿರುಳಿನ ಪುಡಿ 5 ಕಿಲೋ ರಾತ್ರಿಯೆಲ್ಲ ನೆನೆಸಿ, ಬಟ್ಟೆಯಲ್ಲಿ ಸೋಸಿ, 100 ಲೀಟರಿಗೆ ನೀರು ಕೂಡಿಸಿ, ಚೂರು ಸೋಪಿನ ಪುಡಿ ಬೆರೆಸಿ. ಆ ದಿನವೇ ಮುಗಿಸಿಬಿಡಿ.

ಇನ್ನೊಬ್ಬ ರೈತ: ನಾವು ಎಳ್ಳ ಅಮಾವಾಸ್ಯೆಗೆ ಚರಗ (ಭೂತಾಯಿಗೆ ಎಡೆಯ ಅನ್ನ) ಚೆಲ್ಲಿದ ದಿನ ಹೊಲದ ತುಂಬ ಹಕ್ಕಿ ಬಂದಿದ್ದವು. ಮರುದಿನ ಒಂದೂ ಇಲ್ಲ.

ಉತ್ತರ: ಕೂರಲು ಜಾಗ ಕೊಟ್ಟಿದ್ದೀರಾ ಅಣ್ಣ? ಎಕರೆಗೆ ಇಪ್ಪತ್ತು ಕವಲು ಟೊಂಗೆ ನೆಡಿ, ಗಿಡಕ್ಕಿಂತ ಒಂದು ಅಡಿ ಎತ್ತರ ಇರಲಿ. ಕಾಜಾಣ ಅಲ್ಲಿಂದಲೇ ಹುಳುವಿನ ಮೇಲೆ ಎರಗುತ್ತದೆ. ಬಿತ್ತುವಾಗ ತೊಗರಿ ಬೀಜದ ಜೊತೆ ಒಂದು ಹಿಡಿ ಜೋಳ ಬೆರೆಸಿದರೆ ಟೊಂಗೆ ನೆಡುವ ಕೆಲಸವೂ ತಪ್ಪುತ್ತದೆ.