ದೈವದ 'ಕುದುರೆ' ಅನ್ನಬಹುದೇ? ವಿಫ್ರೆಡೊ ಲಾಮ್ ಚಿತ್ರದ ಒಂದು ಮಾತು

ಎಲ್ಲರಿಗೂ ನಮಸ್ಕಾರ.

ಹೈಸ್ಕೂಲು ಮಕ್ಕಳಿಗಾಗಿ ಒಂದು ಚಿತ್ರದ ಬಗ್ಗೆ ಪುಟ ಬರೆಯುತ್ತಿದ್ದೇನೆ. ದೈವ ಮೈಮೇಲೆ ಬರುವುದಕ್ಕೆ ಅಲ್ಲಿ ಬಳಸುವ ಒಂದು ಮಾತನ್ನು ಕನ್ನಡಕ್ಕೆ ತರಲು ನಿಮ್ಮ ಸಹಾಯ ಬೇಕು. ಕ್ಯೂಬಾದ ವಿಫ್ರೆಡೊ ಲಾಮ್ 1943ರಲ್ಲಿ ಬಿಡಿಸಿದ 'ಲಾ ಹುಂಗ್ಲಾ', ಅಂದರೆ ಜಂಗಲ್. ಈಗ ನ್ಯೂಯಾರ್ಕಿನ ಮಾಡರ್ನ್ ಆರ್ಟ್ ಮ್ಯೂಸಿಯಮ್ಮಿನಲ್ಲಿದೆ. ಎತ್ತರ, ಅಗಲ ಎರಡೂ 2 ಮೀಟರಿಗಿಂತ ಜಾಸ್ತಿ. ಹೆಸರು ಜಂಗಲ್ ಆದರೂ ಒಳಗೆ ತುಂಬಿರುವುದು ಕಬ್ಬು. ಜಲ್ಲೆಗಳ ನಡುವೆ ಮುಖವಾಡದಂಥ ಮೋರೆಗಳು, ದೊಡ್ಡ ದೊಡ್ಡ ಪಾದಗಳು. ಯಾವುದು ಕಾಲು, ಯಾವುದು ಜಲ್ಲೆ ಅಂತ ಬೇಗ ಗೊತ್ತಾಗುವುದಿಲ್ಲ. ಬಲಗಡೆ ಮೇಲೆ ಒಂದು ಕೈ ಕತ್ತರಿ ಹಿಡಿದಿದೆ.

ಕಬ್ಬು ಸುಮ್ನೆ ಬಂದದ್ದಲ್ಲ. ಇಂದಿನ ನೈಜೀರಿಯಾ, ಬೆನಿನ್ ಕಡೆಯ ಯೊರುಬಾ ಜನರನ್ನು ಗುಲಾಮರಾಗಿ ಹಡಗಿನಲ್ಲಿ ತಂದು ಕ್ಯೂಬಾದ ಕಬ್ಬಿನ ತೋಟಗಳಲ್ಲಿ ದುಡಿಸಿದರು. ಅವರು ತಮ್ಮ ದೈವಗಳಾದ ಒರಿಶಾಗಳನ್ನು ಕ್ರೈಸ್ತ ಸಂತರ ಹೆಸರಿನ ಮರೆಯಲ್ಲಿ ಉಳಿಸಿಕೊಂಡರು. ಲಾಮ್‌ಗೆ ಧರ್ಮತಾಯಿಯಾಗಿದ್ದ ಮಂತೊನಿಕಾ ವಿಲ್ಸನ್ ಈ ಪೂಜೆ ನಡೆಸುತ್ತಿದ್ದವರು.

'ಒರಿಶಾ' ಪದವನ್ನು ಹಾಗೇ ಇಟ್ಟರೆ ಮಕ್ಕಳು ಒಡಿಶಾ ಅಂತ ಓದಿಬಿಡುತ್ತಾರೆ. ಹಾಗಾಗಿ ಪಕ್ಕದಲ್ಲೇ 'ದೈವ' ಅಂತ ಬರೆದಿದ್ದೇನೆ. 'ದೇವರು' ಬೇಡ ಅನಿಸಿತು. ಯೊರುಬಾ ನಂಬಿಕೆಯಲ್ಲಿ ಎಲ್ಲಕ್ಕೂ ಮೇಲೆ ಓಲೊಡುಮಾರೆ ಇದ್ದಾನೆ. ಜನರ ನಡುವೆ ಬಂದು ಕುಣಿಯುವುದು, ಮಾತಾಡುವುದು ಒರಿಶಾಗಳು. ತುಳುನಾಡಿನ 'ದೈವ' ಇದಕ್ಕೆ ಹತ್ತಿರ, ಅಲ್ವಾ?

ನನ್ನ ನಿಜವಾದ ಕಷ್ಟ ಮುಂದಿನದು. ಒರಿಶಾ ಮೈಮೇಲೆ ಬಂದವರನ್ನು ಕ್ಯೂಬಾದಲ್ಲಿ 'ಕಬಾಯೊ' ಅನ್ನುತ್ತಾರೆ. ಹಾಗಂದರೆ ಕುದುರೆ. ಇದರ ಬೇರು ಯೊರುಬಾದಲ್ಲೇ ಇದೆ. ಅಲ್ಲಿ 'ಗುನ್' ಅಂದರೆ ಹತ್ತು, ಏರು. 'ಎಲೆಗುನ್' ಅಂದರೆ ದೈವ ಯಾರ ಮೇಲೆ ಏರುತ್ತದೋ ಅವರು. ಲಾಮ್ ಚಿತ್ರಗಳಲ್ಲಿ ಕುದುರೆ ಮೋರೆಯ ಹೆಂಗಸು ಮತ್ತೆ ಮತ್ತೆ ಕಾಣಿಸಿಕೊಳ್ಳುವುದನ್ನು ಈ ಮಾತಿನ ಜೊತೆಗಿಟ್ಟು ನೋಡಬೇಕು.

ಮೊದಲು, ಮೈಮೇಲೆ ದೈವ ಬರುವವರಿಗೆ ನಮ್ಮಲ್ಲಿ ಹೇಳುವ 'ಪಾತ್ರಿ' ಅಂತ ಬರೆದೆ. ಆದರೆ ಅದರಲ್ಲಿ 'ಪಾತ್ರ', ಅಂದರೆ ಪಾತ್ರೆ, ಕೇಳಿಸುತ್ತದೆ. ನಮ್ಮಲ್ಲಿ ದೇವರು ಮೈದುಂಬುತ್ತದೆ, ಪಾತ್ರೆಗೆ ನೀರು ತುಂಬಿದ ಹಾಗೆ. ಅಲ್ಲಿ ದೈವ ಬೆನ್ನೇರಿ ಲಗಾಮು ಹಿಡಿಯುತ್ತದೆ. ಎರಡೂ ಬೇರೆ ಬೇರೆ ಚಿತ್ರ. 'ವಾಹನ' ಅಂದರೆ ಮಕ್ಕಳಿಗೆ ಬೈಕು, ಬಸ್ಸು ನೆನಪಾಗುತ್ತದೆ. ಇನ್ನು 'ಮಾಧ್ಯಮ' ಅಂದರೆ ಟಿವಿ.

ಕುದುರೆಯನ್ನು ಬಿಡಲು ನನಗೆ ಮನಸ್ಸಿಲ್ಲ. ಗುಲಾಮಗಿರಿಯಲ್ಲಿ ಗಾಣದ ಎತ್ತಿನ ಹಾಗೆ ದುಡಿಸಿದ ಮೈ ಅದು. ಅದೇ ಮೈಯನ್ನು ಒಂದು ದೈವ 'ನನ್ನ ಕುದುರೆ' ಅಂತ ಆರಿಸಿಕೊಳ್ಳುತ್ತದೆ. ಇದು ಹೋದರೆ ಚಿತ್ರದ ಜೀವವೇ ಹೋದ ಹಾಗೆ. ಭಕ್ತರು ದೇವರ ಪ್ರಾಣಿಯಾಗುವುದು ನಮಗೂ ಹೊಸದಲ್ಲ. ಮೈಲಾರಲಿಂಗನ ಗೊರವಯ್ಯ ನಾಯಿಯ ಹಾಗೆ ಬೊಗಳಿ, 'ದೋಣಿ' ಅನ್ನುವ ಪಾತ್ರೆಯಲ್ಲಿ ಪ್ರಸಾದ ತಿನ್ನುವುದನ್ನು ನೋಡಿದ ಮಕ್ಕಳಿಗೆ 'ದೈವದ ಕುದುರೆ' ವಿಚಿತ್ರ ಅನಿಸಲಾರದು.

ಸದ್ಯಕ್ಕೆ ಹೀಗೆ ಬರೆದಿದ್ದೇನೆ: 'ಒರಿಶಾ ಅವಳ ಮೇಲೆ ಏರಿದೆ. ಈಗ ಅವಳು ಆ ದೈವದ ಕುದುರೆ.'

ಎರಡನೇ ವಾಕ್ಯ ನನಗೆ ಒಪ್ಪಿಗೆ. ಮೊದಲನೆಯದು ಚುಚ್ಚುತ್ತಿದೆ. ಕನ್ನಡದಲ್ಲಿ ಮೈಗೆ ಏರುವುದು ವಿಷ, ಜ್ವರ, ನಶೆ. ದೈವಕ್ಕೆ ಆ ಕ್ರಿಯಾಪದ ಒಗ್ಗುತ್ತದೆಯೇ? ನಿಮ್ಮ ಊರಿನ ಜಾತ್ರೆಯಲ್ಲಿ, ಕೋಲದಲ್ಲಿ, ಅಲಾಯಿ ಹಬ್ಬದಲ್ಲಿ ಇದಕ್ಕೆ 'ಬಂತು', 'ತುಂಬಿತು' ಬಿಟ್ಟು 'ಸವಾರಿ' ಅಥವಾ ಹತ್ತುವ ಅರ್ಥದ ಬೇರೆ ಮಾತು ಬಳಸುತ್ತಾರೆಯೇ? ಅಂಥದ್ದು ಇದ್ದರೆ ಅಲ್ಲಿ ಆಡುವ ಪೂರ್ತಿ ವಾಕ್ಯವನ್ನೇ ಬರೆದು ಕಳಿಸಿ.